ಕೆರೆಯದೆ ಬಿಟ್ಟ ಅಕ್ಷರಗಳು

ಹಟ್ಟಿಯ ಮುಂದಿನ ಫಲಕದ ಮೇಲೆ ಆ ಹಳೆಯ ಹೆಸರು ತಾನಾಗಿ ಎದ್ದು ಬರಲಿಲ್ಲ. ಮಾರಮ್ಮ ಮುನಿದು ಬರಿಸಿದ್ದೂ ಅಲ್ಲ. ಬರಿಸಿದವನು ನಾನು. ಮಳೆ ಬಿದ್ದರೆ ಹೊಸ ಹೆಸರು ಉದುರಿ ಹಳೆಯದು ಮೇಲೆ ಬರುತ್ತದೆ ಎಂದು ಚೆನ್ನಾಗಿ ತಿಳಿದೇ ಹಾಗೆ ಬರೆದೆ. ಆಮೇಲೆ ಆ ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದಾಗ ಎದುರಿಗೇ ನಿಂತು ಸುಳ್ಳು ಹೇಳಿದೆ.

ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಈಗಲೂ ನಾನಾಗಿ ಹೇಳಿದೆನೋ, ಬೇರೆ ದಾರಿಯಿಲ್ಲದೆ ಹೇಳಿದೆನೋ — ಓದಿದ ಮೇಲೆ ನೀವೇ ತೀರ್ಮಾನಿಸಿ.

ನಾನು ಬೋರ್ಡ್ ಬರೆಯುವವನು. ಹೊಳಲ್ಕೆರೆಯಲ್ಲಿ ನಮ್ಮ ಅಂಗಡಿ. ಹೆಸರು ಮಲ್ಲಿಕಾರ್ಜುನ, ಜನ ಕರೆಯುವುದು ಮಲ್ಲಣ್ಣ ಎಂದು. ನನ್ನ ಅಪ್ಪನೂ ಇದೇ ಕೆಲಸ ಮಾಡಿದವರು. ಫ್ಲೆಕ್ಸ್ ಬಂದು ನಮ್ಮಂಥವರ ಕುಂಚ ಒಣಗಿಸುವ ತನಕ ಇತ್ತ ಹೊಸದುರ್ಗ, ಅತ್ತ ಚಿತ್ರದುರ್ಗದವರೆಗೆ ಶಾಲೆ, ಸೊಸೈಟಿ, ಕಿರಾಣಿ ಅಂಗಡಿ, ಎಲ್ಲದರ ಹಣೆಯ ಮೇಲೂ ನಮ್ಮ ಮನೆಯ ಕೈಬರಹವೇ ಇತ್ತು. ನನಗೆ ಈ ಕೆಲಸದ ಬಗ್ಗೆ ಜಂಬ ಜಾಸ್ತಿ. ಬೇರೆಯವರು ಬರೆದ ಬೋರ್ಡ್ ಕಂಡರೆ ಮೊದಲು ತಪ್ಪು ಹುಡುಕುವ ಜಾತಿ ನನ್ನದು — ಜಾತಿ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಮಠಕ್ಕೆ ಹೋಗಿ, ಎಲ್ಲರೂ ಒಂದೇ ಎಂಬ ಪ್ರವಚನ ಕೇಳಿ, ತಲೆದೂಗಿ, ಪ್ರಸಾದ ಉಂಡು ಬರುವವರು. ಆ ಮಾತನ್ನೇ ಮಠದ ಹೊರಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟವನೂ ನಾನೇ. ಗೋಡೆಯನ್ನು ಚೆನ್ನಾಗಿ ಉಜ್ಜಿ, ಪ್ರೈಮರ್ ಹೊಡೆದು, ಒಣಗಿಸಿ ಬರೆದಿದ್ದೆ. ಅದು ಇವತ್ತಿಗೂ ಹಾಗೇ ಇದೆ.

ಈ ಹಟ್ಟಿ ಇರುವುದು ಹೊಸದುರ್ಗದ ರಸ್ತೆಯಲ್ಲಿ, ಮೇಲಿನ ಊರು ಎಂದು ಕರೆಯುವ ಒಂದು ದೊಡ್ಡ ಊರಿಗೆ ಅಂಟಿಕೊಂಡು. ಅದರ ಹಳೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ಜಾತಿಯ ಹೆಸರು, ಅದಕ್ಕೆ ಹಟ್ಟಿ ಎಂದು ಸೇರಿಸಿದ್ದು. ನಮ್ಮ ಕಡೆ ಜಗಳ ಬಿಸಿಯಾದರೆ ಜನ ಬೈಗುಳವಾಗಿ ಬಾಯಿಗೆ ತಂದುಕೊಳ್ಳುವ ಮಾತೇ ಆ ಜನರ ವಿಳಾಸವಾಗಿತ್ತು. ರೇಷನ್ ಕಾರ್ಡಿನಲ್ಲಿ ಅದೇ, ಮಕ್ಕಳ ಅಂಕಪಟ್ಟಿಯಲ್ಲಿ ಅದೇ, ಮದುವೆಯ ಕರೆಯೋಲೆಯಲ್ಲಿ ಅದೇ. ರಸ್ತೆಯ ಪಕ್ಕದ ಸಿಮೆಂಟು ಫಲಕದಲ್ಲಿ, ಹಳದಿಯ ಮೇಲೆ ಕಪ್ಪು ಎಣ್ಣೆಬಣ್ಣದಲ್ಲಿ ಅದನ್ನು ಬರೆದವರು ನನ್ನ ಅಪ್ಪ.

ದುರುಗಮ್ಮ ಆ ಹಟ್ಟಿಯವರು. ಮೀಸಲು ಸೀಟಿನಲ್ಲಿ ಗೆದ್ದು ಪಂಚಾಯಿತಿ ಸದಸ್ಯೆಯಾಗಿದ್ದರು. ಹೆಸರು ಬದಲಾಯಿಸಬೇಕೆಂದು ಸಭೆಯಿಂದ ಸಭೆಗೆ ಹಟ ಹಿಡಿದು, ನಕ್ಕವರನ್ನೂ ಬೈದವರನ್ನೂ ಸುಸ್ತು ಮಾಡಿ ಕೊನೆಗೆ ಒಪ್ಪಿಸಿದ್ದರು. ಹಟ್ಟಿಯ ನಡುವೆ ದೊಡ್ಡದೊಂದು ಹೊಂಗೆಮರ. ಅದರ ನೆರಳಲ್ಲೇ ಅವರ ಪಂಚಾಯ್ತಿ, ಪಟ್ಟಾಂಗ, ನಾಮಕರಣ ಎಲ್ಲ. ಹಾಗಾಗಿ ಹೊಸ ಹೆಸರು ಹೊಂಗೆಹಟ್ಟಿ.

ಬೋರ್ಡ್ ಬರೆಯಲು ಹೇಳುವುದಕ್ಕೆ ಅವರೇ ಅಂಗಡಿಗೆ ಬಂದಿದ್ದರು. ಕುರ್ಚಿ ತೋರಿಸಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಎಳೆದುಕೊಂಡು ಕುಳಿತರು.

“ನನ್ ಮಗಳು ಸುಧಾ ದುರ್ಗದಾಗೆ ಪಿಯುಸಿ ಓದ್ತಾಳೆ ಮಲ್ಲಣ್ಣ. ಊರಿಗೆ ಬರ್ವಾಗ ಹಿಂದಿನ ಸ್ಟಾಪ್‌ನಾಗೆ ಇಳಿದು ನಡ್ಕೊಂಡ್ ಬರ್ತಾಳೆ. ಯಾಕಂದ್ರೆ ಕಂಡಕ್ಟರು ಬಸ್ಸಿನ ತುಂಬಾ ಜನದ ಮುಂದೆ ನಮ್ಮ ಹಟ್ಟಿ ಹೆಸರು ಕೂಗ್ತಾನೆ. ಅದನ್ನ ಕೇಳಿಸ್ಕೊಂಡು ಎದ್ದು ನಿಂತ್ಕಳಕ್ಕೆ ಆಗಲ್ಲ ಅಂತಾಳೆ. ಈ ಬೋರ್ಡು ಅವಳಿಗೆ.”

ನಾನು “ಆಯ್ತು ಬಿಡಮ್ಮ, ಬರ್ದು ಕೊಡ್ತೀನಿ” ಎಂದೆ. ಅವರ ತಾಯಿ ನನ್ನ ಅಪ್ಪನನ್ನು ಬುದ್ಧಿ ಎನ್ನುತ್ತಿದ್ದರು, ಅಂಗಡಿಯ ಮೆಟ್ಟಿಲ ಕೆಳಗೆ ನಿಂತು. ಇವರು ಕುರ್ಚಿಯಲ್ಲಿ ಕುಳಿತು ಮಲ್ಲಣ್ಣ ಎಂದಿದ್ದರು. ಅದು ನನಗೆ ಚುಚ್ಚಿತು. ಆಗ ಚುಚ್ಚಲಿಲ್ಲ ಎಂದುಕೊಂಡಿದ್ದೆ — ಸುಳ್ಳು, ಚುಚ್ಚಿತ್ತು.

ಬರೆಯಲು ಹೋದ ದಿನ ಫಲಕದ ಬಳಿ ದುರುಗಮ್ಮನಿಗೂ ಹನುಮಂತಪ್ಪನಿಗೂ ಮಾತು ನಡೆದಿತ್ತು. ಹನುಮಂತಪ್ಪ ಹಟ್ಟಿಯ ಮಾರಮ್ಮನ ಪೂಜಾರಿ, ದುರುಗಮ್ಮನಿಗೆ ವರಸೆಯಲ್ಲಿ ಮಾವ. ಒಳ್ಳೆಯ ಮನುಷ್ಯ, ಆದರೆ ಹೆದರಿದ್ದ. ಅಮ್ಮನನ್ನೂ ಜನ ಕರೆಯುತ್ತಿದ್ದುದು ಹಟ್ಟಿಯ ಹಳೆಯ ಹೆಸರು ಸೇರಿಸಿಯೇ.

“ಅಮ್ಮನ ಹೆಸರ್ನಾಗೇ ಹಟ್ಟಿ ಹೆಸರು ಐತೆ ದುರುಗಿ. ಆಕೆ ಅಪ್ಪಣೆ ಕೇಳ್ದಂಗೆ ಹೆಂಗೆ ತೆಗೀತೀಯ?”

“ಅಮ್ಮಂಗೆ ಯಾವ ಜಾತಿ ಮಾವ? ಬ್ಯಾಡ ಅನ್ನಂಗಿದ್ರೆ ಆಕೆನೇ ಹೇಳ್ಲಿ ಬಿಡು!”

ಸುತ್ತ ನಿಂತಿದ್ದವರೆಲ್ಲ ನಕ್ಕರು. ಹನುಮಂತಪ್ಪ ಮಾತ್ರ ಕೈಮುಗಿದುಕೊಂಡು ಗುಡಿಯ ಕಡೆ ಹೋದ. ನಾನು ಡಬ್ಬಿಗಳ ಮುಚ್ಚಳ ತೆಗೆಯುತ್ತಿದ್ದೆ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಚೆನ್ನಾಗಿ ಬಿದ್ದಿತ್ತು.

ಆಮೇಲೆ ದುರುಗಮ್ಮ ಮನೆಯಿಂದ ಸ್ಟೀಲ್ ಲೋಟದಲ್ಲಿ ಚಹಾ ತಂದು ಕೊಟ್ಟರು. “ಈಗಷ್ಟೇ ಕುಡಿದು ಬಂದೆ” ಎಂದು ಹೇಳಿ ಲೋಟವನ್ನು ಪಕ್ಕದ ಕಲ್ಲಿನ ಮೇಲೆ ಇಟ್ಟೆ. ಕುಡಿದಿರಲಿಲ್ಲ. ಬಾಯಿ ಒಣಗಿತ್ತು, ಚಹಾದಲ್ಲಿ ಶುಂಠಿಯ ಘಮ ಬೇರೆ. ಆದರೂ ಕೈ ಹೋಗಲಿಲ್ಲ. ಮಠದ ಗೋಡೆಯ ಮೇಲೆ ಎಲ್ಲರೂ ಒಂದೇ ಎಂದು ಬರೆದದ್ದು ಅದೇ ಕೈ. ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ದುರುಗಮ್ಮ ಬಂದು ಲೋಟ ಎತ್ತಿ, ಚಹಾವನ್ನು ಫಲಕದ ಬುಡಕ್ಕೆ ಚೆಲ್ಲಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಇದೆಲ್ಲ ಕಂಡದ್ದೇ ಎನ್ನುವ ಹಾಗಿದ್ದರು.

“ಕೆಲ್ಸನಾದ್ರೂ ಚೆಂದ ಮಾಡ್ರಿ ಮಲ್ಲಣ್ಣ. ಪೂರಾ ಕೆರೀರಿ. ಒಂದಕ್ಷರನೂ ಉಳೀಬಾರ್ದು.”

ಅಷ್ಟೇ. ಪಂಚಾಯಿತಿ ಸಭೆಗೆ ಹೊತ್ತಾಯಿತೆಂದು ಹೊರಟುಹೋದರು.

ಬಣ್ಣದ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಳೆಯ ಎಣ್ಣೆಬಣ್ಣವಿದ್ದರೆ ಮೊದಲು ಅದನ್ನು ಕೆರೆದು ತೆಗೆಯಬೇಕು. ಎಮರಿ ಪೇಪರಿನಿಂದ ಉಜ್ಜಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಹೊಸ ಎಣ್ಣೆಬಣ್ಣ ಹೊಡೆದು, ಅದರ ಮೇಲೆ ಅಕ್ಷರ ಬರೆಯಬೇಕು. ಕೆರೆಯದೆ, ನುಣುಪಾದ ಎಣ್ಣೆಬಣ್ಣದ ಮೇಲೆ ನೇರವಾಗಿ ನೀರಿನಲ್ಲಿ ಕಲಸಿದ ಡಿಸ್ಟೆಂಪರ್ ಹೊಡೆದರೆ ಅದಕ್ಕೆ ಹಿಡಿತವೇ ಇರುವುದಿಲ್ಲ. ನಾಲ್ಕು ದಿನ ನೋಡಲು ಚೆಂದ. ಜೋರು ಮಳೆ ಬಿದ್ದರೆ ಉಬ್ಬಿ, ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದರ ಮೇಲೆ ಬರೆದದ್ದೂ ಅದರ ಜೊತೆಗೇ ಉದುರುತ್ತದೆ. ಕೆಳಗಿರುವ ಹಳೆಯ ಅಕ್ಷರ ಮಾತ್ರ ಮಳೆಯಲ್ಲಿ ತೊಳೆದು ಫಳಫಳ ಹೊಳೆಯುತ್ತದೆ. ಕೆಲಸ ಕಲಿಯಲು ಬಂದವರಿಗೂ ಮೊದಲ ವಾರದಲ್ಲೇ ತಿಳಿಯುವ ವಿಷಯ ಇದು.

ನಾನು ಕೆರೆಯಲಿಲ್ಲ. ಡಿಸ್ಟೆಂಪರ್ ಕಲಸಿದೆ.

ಯಾಕೆ? — ಇದನ್ನು ನಾನು ನನಗೇ ಬೇರೆ ಬೇರೆ ರೀತಿ ಹೇಳಿಕೊಂಡಿದ್ದೇನೆ. ಅಪ್ಪನ ಅಕ್ಷರಗಳು, ಕೆರೆಯಲು ಮನಸ್ಸಾಗಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡೆ. ಅಪ್ಪ ಬರೆದ ‘ಹ’ದ ಬಾಗು ಈ ಸೀಮೆಯಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ನಿಜ. ಆದರೆ ಶಾಲೆಯ ಗೋಡೆಯ ಮೇಲೆ ಅಪ್ಪ ಬರೆದದ್ದನ್ನು, ಸೊಸೈಟಿಯ ಬೋರ್ಡಿನ ಮೇಲೆ ಬರೆದದ್ದನ್ನು ನಾನೇ ಕೆರೆದು ಹೊಸದಾಗಿ ಬರೆದಿದ್ದೇನೆ. ಆಗ ಯಾವ ಮಮಕಾರವೂ ಅಡ್ಡ ಬಂದಿರಲಿಲ್ಲ.

ಊರ ದೊಡ್ಡವರು ಯಾರಾದರೂ ಹೇಳಿಕೊಟ್ಟಿದ್ದರೇ ಎಂದು ಈಗ ಕೆಲವರು ಕೇಳುತ್ತಿದ್ದಾರೆ. ಯಾರೂ ಹೇಳಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅವರ ಮೇಲೆ ಹಾಕಿ ಹಗುರಾಗಬಹುದಿತ್ತು.

ನಿಜ ಇಷ್ಟೇ. ಆ ಹೆಂಗಸು ನನ್ನ ಒಳಗನ್ನು ಕಂಡುಬಿಟ್ಟಿದ್ದರು. ಚಹಾ ಚೆಲ್ಲುವಾಗ ಒಂದು ಬಿರುಸು ಮಾತಾಡಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಆಡಲಿಲ್ಲ. ಕೆಲಸ ಮಾತ್ರ ಚೆಂದ ಮಾಡು ಎಂದರು — ನನಗೆ, ನನ್ನ ಕೆಲಸದ ಬಗ್ಗೆ, ಆ ಹಟ್ಟಿಯವರು! ಮೈಯೆಲ್ಲ ಉರಿಯಿತು. ನೋಡೋಣ ಇವಳ ಹೊಸ ಹೆಸರು ಎಷ್ಟು ದಿನ ನಿಲ್ಲುತ್ತದೆ ಎಂದುಕೊಂಡೆ. ಹೌದು, ಇವಳ ಎಂದೇ ಅಂದುಕೊಂಡೆ. ಅಮ್ಮ ಬೇಡವೆಂದರೆ ಹೇಳಲಿ ಎಂಬ ಅವರ ಮಾತು ಆಗ ನನ್ನ ತಲೆಯಲ್ಲಿ ಇತ್ತೇ? ಇರಲಿಲ್ಲ ಎಂದು ಪ್ರಮಾಣ ಮಾಡಲಾರೆ.

ಡಿಸ್ಟೆಂಪರಿನ ಮೇಲೆ ಹೊಂಗೆಹಟ್ಟಿ ಎಂದು ಬರೆದೆ. ಚೆನ್ನಾಗಿ ಬರೆದೆ, ಅದೂ ಒಂದು ವಿಚಿತ್ರ. ಉದುರಲಿ ಎಂದು ಬರೆದ ಅಕ್ಷರಗಳ ಅಂದ ತಿದ್ದುತ್ತಾ ಕುಳಿತಿದ್ದೆ. ಸಂಜೆ ಹಟ್ಟಿಯವರೆಲ್ಲ ಬಂದು ಕಾಯಿ ಒಡೆದರು. ಮಕ್ಕಳು ಗಟ್ಟಿಯಾಗಿ ಓದಿ ಓದಿ ಕುಣಿದರು. ನನಗೂ ಒಂದು ಶಾಲು ಹೊದಿಸಿದರು. ಆ ವಾರ ಸುಧಾ ತನ್ನ ಸ್ಟಾಪಿನಲ್ಲೇ ಇಳಿದಳಂತೆ. ಕಂಡಕ್ಟರಿಗೆ ತಾನೇ ಹೊಸ ಹೆಸರು ಹೇಳಿ, ಅವನಿಂದಲೂ ಹೇಳಿಸಿ ಇಳಿದಳಂತೆ.

ಮುಂಗಾರಿಗೆ ಮೊದಲಿನ ಅಡ್ಡಮಳೆ ಆ ವರ್ಷ ಗಾಳಿಯ ಸಮೇತ ಬಂತು. ಬೆಳಿಗ್ಗೆ ಜನ ನೋಡುವಾಗ ಹೊಸ ಹೆಸರು ಫಲಕದ ಬುಡದಲ್ಲಿ ಚಕ್ಕೆಚಕ್ಕೆಯಾಗಿ ಬಿದ್ದಿತ್ತು. ಮೇಲೆ ಅಪ್ಪನ ಅಕ್ಷರಗಳು, ಒಂದೂ ಮಾಸದೆ.

ಮೇಲಿನ ಊರಿನಲ್ಲಿ ಹೋಟೆಲಿನ ಮುಂದೆ ನಗುವೋ ನಗು. “ನಾವೇನ್ ಬ್ಯಾಡ ಅಂದ್ವಾ? ಅವ್ರ ದೇವ್ರೇ ಒಲ್ಲೆ ಅಂತು ನೋಡ್ರಿ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ತಿರುಗಿದರು. ಹಟ್ಟಿಯಲ್ಲಿ ಯಾರೂ ನಗಲಿಲ್ಲ. ಬ್ಯಾಡ ಅಂದ್ರೆ ಆಕೆನೇ ಹೇಳ್ಲಿ ಎಂದಿದ್ದ ದುರುಗಮ್ಮನ ಮಾತು ಎಲ್ಲರಿಗೂ ನೆನಪಿತ್ತು. ಅದೇ ವಾರ ಹಟ್ಟಿಯ ಒಂದು ಮಗುವಿಗೆ ಮೈಮೇಲೆ ಅಮ್ಮ ಎದ್ದಿತು. ಬೇಸಿಗೆಯಲ್ಲಿ ಏಳುವ ಸೀತಾಳೆ ಸಿಡುಬಿನ ಗುಳ್ಳೆಗಳೇ, ಆದರೆ ಆ ವಾರ ಅದನ್ನು ಬೇರೆ ಥರ ನೋಡುವ ಧೈರ್ಯ ಯಾರಿಗಿತ್ತು? ಅವರನ್ನು ಮೂಢರೆಂದು ನಾನು ಹೇಳಿದರೆ ನನ್ನ ನಾಲಿಗೆ ಬೀಳಬೇಕು. ಕೇಳಿದ ಪ್ರಶ್ನೆಗೆ ಉತ್ತರ ಫಲಕದ ಮೇಲೆ ಬರೆದು ನಿಂತಿದೆ. ನಾನು ಹಳೆಯದನ್ನು ಕೆರೆದೇ ಬರೆದಿದ್ದೇನೆ ಎಂದು ನಂಬಿದ್ದರು, ಕೆರೆದ ಅಕ್ಷರ ಎದ್ದು ಬಂದರೆ ಅದು ಅಮ್ಮನದೇ ಕೆಲಸ. ಬರೆದ ಕೈ ಯಾವುದೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಮಗುವಿನ ತಾಯಿ ದುರುಗಮ್ಮನ ಮನೆಯ ಮುಂದೆ ಕೂತು ಅತ್ತಳು. ತಪ್ಪು ಕಾಣಿಕೆ ಕಟ್ಟು ಎಂದು ಎಲ್ಲರೂ ಒತ್ತಾಯ ಮಾಡಿದರು. ದುರುಗಮ್ಮ ಒಪ್ಪುವ ಮೊದಲು ಒಂದೇ ಒಂದು ಕೇಳಿಕೊಂಡರು: ಬೋರ್ಡ್ ಬರೆದವನನ್ನು ಕರೆಸಿ, ಒಂದು ಮಾತು ಕೇಳಿ.

ಕರೆಸಿದರು. ಹೋದೆ. ಹೊಂಗೆಮರದ ಕೆಳಗೆ ಹಟ್ಟಿಗೆ ಹಟ್ಟಿಯೇ ಸೇರಿತ್ತು. ಮೇಲಿನ ಊರಿನವರೂ ಕೆಲವರು ಮೋಜು ನೋಡಲು ಬಂದು ನಿಂತಿದ್ದರು. ಸುಧಾ ತಾಯಿಯ ಹಿಂದೆ ನಿಂತಿದ್ದಳು.

“ಬಣ್ಣದಾಗೆ ಏನಾದ್ರೂ ಎಚ್ಚುಕಮ್ಮಿ ಆಗಿತ್ತಾ ಮಲ್ಲಣ್ಣ?” ಎಂದು ದುರುಗಮ್ಮ ಕೇಳಿದರು. “ಆಗಿದ್ರೆ ಆಗೈತೆ ಅಂದ್ಬಿಡ್ರಿ. ನಿಮ್ಮನ್ನ ಯಾರೂ ಏನೂ ಅನ್ನಲ್ಲ.”

ಎಂಥ ಬಾಗಿಲು ತೆರೆದುಕೊಟ್ಟಿದ್ದರು ನನಗೆ. ಆಗಿದೆ ಎಂದಿದ್ದರೆ ಸಾಕಿತ್ತು. ಕೈತಪ್ಪು ಎಂದಿದ್ದರೂ ಸಾಕಿತ್ತು. ಅವರ ಕಣ್ಣು ನನ್ನ ಮುಖದ ಮೇಲಿತ್ತು. ಬೇಡಿಕೊಳ್ಳುವ ಕಣ್ಣಲ್ಲ, ಸುಮ್ಮನೆ ಕಾಯುವ ಕಣ್ಣು. ಆದರೆ ಮೇಲಿನ ಊರಿನವರು ನೋಡುತ್ತಿದ್ದರು. ನನ್ನ ಕೆಲಸದಲ್ಲಿ ಕೊರತೆ ಎಂದು ಒಪ್ಪಿಕೊಳ್ಳುವುದೇ? ಇವರ ಮುಂದೆ?

“ನನ್ನ ಕೆಲ್ಸದಾಗೆ ಏನೂ ಕೊರತೆ ಇಲ್ಲಮ್ಮ. ಮಿಕ್ಕಿದ್ದು ನಂಗೆ ಗೊತ್ತಿಲ್ಲ.”

ಇದೇ ಆ ಮಾತು. ಕೆರೆಯದೆ ಬಿಟ್ಟದ್ದು ಸಿಟ್ಟಿನಲ್ಲಿ ಮಾಡಿದ ತಪ್ಪು ಎಂದು ಯಾರಾದರೂ ಅನ್ನಬಹುದು. ಈ ಮಾತು ಹಾಗಲ್ಲ. ಇದನ್ನು ನಾನು ತಣ್ಣಗೆ ಹೇಳಿದೆ.

ದುರುಗಮ್ಮ ಎದ್ದರು. ತಲೆಯ ಮೇಲೆ ಕೊಡ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಗುಡಿ ಸುತ್ತಿದರು. ಅರಿಶಿನದ ಬಟ್ಟೆಯಲ್ಲಿ ಕಾಣಿಕೆಯ ನಾಣ್ಯ ಗಂಟು ಹಾಕಿ ಗುಡಿಯ ಕಿಟಕಿಯ ಸರಳಿಗೆ ಕಟ್ಟಿದರು. ಎಲ್ಲರಿಗೂ ಕೇಳುವ ಹಾಗೆ ತಪ್ಪಾಯ್ತು ತಾಯಿ ಎನ್ನಬೇಕೆಂದು ಯಾರೋ ಹೇಳಿದರು. ಅಂದರು. ಕೆನ್ನೆ ಬಡಿದುಕೊಂಡರು. ಯಾವ ತಪ್ಪು ಎಂದು ಅವರಿಗೇ ಗೊತ್ತಿರಲಿಲ್ಲ. ಗೊತ್ತಿದ್ದವನು ಬೈಕಿಗೆ ಒರಗಿ ನಿಂತಿದ್ದ. ಸುಧಾ ಅಳುತ್ತಿರಲಿಲ್ಲ, ಫಲಕದ ಕಡೆಗೇ ನೋಡುತ್ತಿದ್ದಳು.

ಆ ಮೇಲೆ ಹೆಸರಿನ ಮಾತು ನಿಂತಿತು. ದುರುಗಮ್ಮ ಮುಂದಿನ ಚುನಾವಣೆಗೆ ನಿಲ್ಲಲಿಲ್ಲ, ನಿಲ್ಲು ಎಂದವರೂ ಇರಲಿಲ್ಲ. ಸುಧಾ ರಜೆಗೂ ಊರಿಗೆ ಬರುವುದನ್ನು ಬಿಟ್ಟಳು ಎಂದು ಕೇಳಿದೆ. ನಾನು ಹೊಸದುರ್ಗಕ್ಕೆ ಹೋಗಬೇಕಾದರೆ ಬೇರೆ ದಾರಿ ಸುತ್ತಿ ಹೋಗುತ್ತಿದ್ದೆ. ಹೆಂಡತಿ ಕೇಳಿದರೆ ರಸ್ತೆ ಸರಿಯಿಲ್ಲ ಎನ್ನುತ್ತಿದ್ದೆ. ಆ ರಸ್ತೆಗೆ ಟಾರು ಹಾಕಿ, ಅದು ಕಿತ್ತುಹೋಗಿ, ಮತ್ತೆ ಹಾಕಿದರು. ನನ್ನ ನೆಪ ಮಾತ್ರ ಬದಲಾಗಲಿಲ್ಲ.

ಮೊನ್ನೆ ಸುಧಾ ಅಂಗಡಿಗೆ ಬಂದಳು. ನನಗೆ ಗುರುತು ಸಿಗಲಿಲ್ಲ. ಹಿರಿಯೂರಿನಲ್ಲಿ ನರ್ಸ್ ಆಗಿದ್ದಾಳೆ. ಜಾತಿ ಸೂಚಿಸುವ ಊರುಕೇರಿಗಳ ಹೆಸರು ಬದಲಾಯಿಸಬೇಕೆಂದು ಈಗ ಸರ್ಕಾರದಿಂದಲೇ ಸೂಚನೆ ಬಂದಿದೆಯಂತೆ. ಅಧಿಕಾರಿಗಳು ಹಟ್ಟಿಯವರನ್ನು ಕೇಳಲು ಬರುವವರಿದ್ದಾರೆ. ಆದರೆ ಹಟ್ಟಿಯಲ್ಲೇ ಒಪ್ಪಿಗೆ ಇಲ್ಲ.

“ಹನುಮಂತಜ್ಜ ಇನ್ನೂ ಅದೇ ಹಿಡ್ಕೊಂಡೈತೆ ಅಂಕಲ್. ಒಂದ್ಸಲ ಅಮ್ಮ ಒಲ್ಲೆ ಅಂದಾಳೆ, ಇನ್ನೊಂದ್ಸಲ ಕೆಣಕದು ಬ್ಯಾಡ ಅಂತೈತೆ. ವಯಸ್ಸಾದೋರೆಲ್ಲ ಅದರ ಹಿಂದೆ. ನೀವೊಂದ್ಸಲ ಬಂದು ಹೇಳ್ರಿ, ಅವತ್ತು ಬಣ್ಣ ಹೋಗಿದ್ದು ಜೋರು ಮಳೆಗೆ ಅಂತ. ನೀವು ಹೇಳಿದ್ರೆ ನಂಬ್ತಾರೆ.”

“ಅಮ್ಮ ಏನಂತಾರೆ?” ಎಂದೆ. ಅವಳ ತಾಯಿ ಎಂಬರ್ಥದಲ್ಲಿ ಕೇಳಿದ್ದು ಅವಳಿಗೆ ತಿಳಿಯಿತು.

“ಏನೂ ಅನ್ನಲ್ಲ. ಆ ಮಾತು ತೆಗೆದ್ರೆ ಎದ್ದು ಹೋಗ್ತಾಳೆ.”

ನಾನು ಒಪ್ಪಿಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳಗೇ ಖುಷಿಯೂ ಆಯಿತು. ಮಳೆಗೆ ಹೋಯಿತು ಎಂದರೆ ಅದು ಪೂರಾ ಸುಳ್ಳೂ ಅಲ್ಲ. ಹೆಸರು ಬದಲಾಗುತ್ತದೆ, ಅವರಿಗೂ ಒಳ್ಳೆಯದಾಗುತ್ತದೆ, ನನ್ನ ಮಾನವೂ ಉಳಿಯುತ್ತದೆ. ಇಷ್ಟು ವರ್ಷದ ಭಾರ ಇಷ್ಟು ಸುಲಭವಾಗಿ ಇಳಿದುಹೋಗುವುದಾದರೆ — ಬೈಕಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಆ ವಾಕ್ಯವನ್ನೇ ಬಾಯಿಪಾಠ ಮಾಡಿದೆ.

ಮತ್ತದೇ ಹೊಂಗೆಮರ. ಮತ್ತದೇ ಜನ, ಕೆಲವರಿಲ್ಲ, ಕೆಲವರು ಹೊಸಬರು. ಹನುಮಂತಪ್ಪ ಕೋಲು ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದ. ದುರುಗಮ್ಮ ಹಿಂದೆ, ತಮ್ಮ ಮನೆಯ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ನನ್ನನ್ನು ನೋಡಿದರು, ಮತ್ತೆ ಮೊರದ ಕಡೆ ತಲೆ ಬಗ್ಗಿಸಿದರು.

“ಅವತ್ತು ಮಳೆ ಜೋರಿತ್ತಲ್ಲ” ಎಂದು ಶುರು ಮಾಡಿದೆ. “ಕೆಳಗೆ ಹಳೇ ಬಣ್ಣ ಉಳಿದಿತ್ತು, ಮೇಲಿಂದು ಇನ್ನೂ ಸರಿಯಾಗಿ ಹಿಡಿದಿರ್ಲಿಲ್ಲ. ಮಳೆಗೆ ಹೋಯ್ತು. ಅದ್ರಾಗೆ ದೇವ್ರುದು ಏನೂ ಇಲ್ಲ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಧಾಳ ಮುಖ ಅರಳಿತು. ಅಷ್ಟರಲ್ಲಿ ಹನುಮಂತಪ್ಪ ಕೇಳಿದ:

“ಮಳೆ ನಮ್ಮ ಹಟ್ಟಿಗೊಂದೇ ಬಂತಾ ಸ್ವಾಮಿ? ಆ ವರ್ಷ ನೀವು ಬರ್ದಿದ್ದು ಬ್ಯಾರೆ ಯಾವ ಬೋರ್ಡ್ ಉದುರೈತೆ? ಒಂದು ಹೇಳ್ರಿ, ನಾನು ಬಾಯಿ ಮುಚ್ಕಂತೀನಿ.”

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಅಮ್ಮ ಮುನಿದಿಲ್ಲ ಎಂದು ಯಾರಾದರೂ ತೋರಿಸಿಕೊಟ್ಟರೆ ಸಾಕು ಎಂದು ಆ ಮುದುಕ ಇಷ್ಟು ವರ್ಷ ಕಾದಿದ್ದ ಹಾಗೆ ಕಂಡಿತು. ಹೆದರಿಕೆಯನ್ನು ಅವನ ಮೈಯಲ್ಲಿ ಇಟ್ಟವನು ನಾನು. ಮಠದ ಗೋಡೆ ನೆನಪಾಯಿತು. ಅದು ಉದುರಿಲ್ಲ. ಶಾಲೆಯದು ಉದುರಿಲ್ಲ. ಯಾವುದೂ ಉದುರಿಲ್ಲ.

ಮೊರದಲ್ಲಿ ಕಾಳು ಬೀಳುವ ಸದ್ದು ನಿಂತಿತ್ತು. ದುರುಗಮ್ಮ ನನ್ನನ್ನೇ ನೋಡುತ್ತಿದ್ದರು. ಅವತ್ತಿನದೇ ಕಣ್ಣು, ಕಾಯುವ ಕಣ್ಣು.

“ಯಾವ್ದೂ ಉದುರಿಲ್ಲ” ಎಂದೆ. ನನ್ನ ದನಿ ನನಗೇ ಯಾರದೋ ಎನಿಸಿತು. “ಇದೊಂದೇ. ನಾನು ಬೇಕಂತ್ಲೇ ಕೆರೀಲಿಲ್ಲ. ಉದುರ್ಲಿ ಅಂತ್ಲೇ ಬರ್ದೆ. ಅಮ್ಮ ಏನೂ ಹೇಳ್ಲಿಲ್ಲ. ದುರುಗಮ್ಮಾರ್ದು ಏನೂ ತಪ್ಪಿರ್ಲಿಲ್ಲ.”

ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೂ ಆಸೆಯಿತ್ತೇನೋ. ಒಬ್ಬ ತರುಣ ಎದ್ದು ನನ್ನ ಕಡೆ ಬಂದ. ಸುಧಾ ಅವನ ತೋಳು ಹಿಡಿದಳು. “ಅಂಕಲ್” ಎಂದಳು. ಆ ಮಗುವಿನ ತಾಯಿ — ಅಂದು ದುರುಗಮ್ಮನ ಮನೆಯ ಮುಂದೆ ಕೂತು ಅತ್ತವಳು — ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹನುಮಂತಪ್ಪ ಗುಡಿಯ ಕಡೆ ತಿರುಗಿ ಕೈಮುಗಿದ.

ದುರುಗಮ್ಮ ಮೊರ ಪಕ್ಕಕ್ಕಿಟ್ಟು ಎದ್ದು ಬಂದರು. ನನ್ನ ಹತ್ತಿರ ಬರಲಿಲ್ಲ. ಹನುಮಂತಪ್ಪನ ಮುಂದೆ ನಿಂತರು.

“ನನ್ ಗಂಟು ಬಿಚ್ಚು ಮಾವ.”

ಮುದುಕ ಕೋಲೂರಿ ಗುಡಿಗೆ ಹೋದ. ಕಿಟಕಿಯ ಸರಳಿನಲ್ಲಿ ಆ ಬಟ್ಟೆ ಅರಿಶಿನವೆಲ್ಲ ಹೋಗಿ ಮಾಸಲಾಗಿ ನೇತಾಡುತ್ತಿತ್ತು. ಗಂಟು ಬಿಗಿದುಹೋಗಿತ್ತು, ಅವನ ಬೆರಳಿಗೆ ಬಗ್ಗಲಿಲ್ಲ. ಕೊನೆಗೆ ಹಲ್ಲಿನಿಂದ ಎಳೆದು ಬಿಚ್ಚಿದ. ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

“ಕಾಣಿಕೆ ಕಟ್ಟಬೇಕಾದೋನು ನಾನು” ಎಂದೆ. “ಇವತ್ತೇ ಕಟ್ತೀನಿ. ನೀವು ಹೇಳಿದಂಗೆ, ಎಲ್ಲರ ಮುಂದೆ.”

ಆಗ ದುರುಗಮ್ಮ ನನ್ನ ಕಡೆ ತಿರುಗಿದರು.

“ಅದು ನಿಮ್ಗೂ ಅಮ್ಮಂಗೂ ಬಿಟ್ಟಿದ್ದು. ಕಟ್ಕಳ್ರಿ, ಬಿಡ್ರಿ. ನಂಗೆ ಬೇಕಾಗಿರೋದು ಆ ಅಕ್ಷರ ಹೋಗದು. ಅವತ್ತೇ ಹೇಳಿದ್ದೆ — ಪೂರಾ ಕೆರೀರಿ ಅಂತ.”

ಬೈಕಿನ ಪೆಟ್ಟಿಗೆಯಲ್ಲಿ ಕೆರೆಯುವ ಪಟ್ಟಿಯೂ ಎಮರಿ ಪೇಪರೂ ಇದ್ದವು. ಫಲಕದ ಮುಂದೆ ಮಂಡಿಯೂರಿ ಕುಳಿತು ಕೆರೆಯತೊಡಗಿದೆ. ಅಪ್ಪನ ಬಣ್ಣ ಗಟ್ಟಿ. ಸಿಮೆಂಟಿಗೆ ಕಚ್ಚಿಕೊಂಡಿತ್ತು. ‘ಹ’ದ ಬಾಗು ಬಂದಾಗ ಕೈ ತಾನಾಗಿ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಕೆರೆದೆ. ಬಸ್ಸುಗಳು ಹೋದವು. ಮೇಲಿನ ಊರಿನವರು ಬೈಕ್ ನಿಲ್ಲಿಸಿ ಏನು ಮಲ್ಲಣ್ಣ, ನೀವೇ ಕೆರೀತಿದೀರಲ್ಲ ಎಂದು ಕೇಳಿದರು. ಕೇಳಿದವರಿಗೆಲ್ಲ ಹೇಳಿದೆ. ಒಬ್ಬರು ನಕ್ಕು ಹೋದರು, ಇನ್ನೊಬ್ಬರು ನಿಮಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದರು. ಮೊದಲ ಸಲ ಹೇಳುವಾಗ ನಾಲಿಗೆ ತೊದಲಿತು. ಆಮೇಲಾಮೇಲೆ ತೊದಲಲಿಲ್ಲ. ನನ್ನ ಮೇಲೆ ನನಗಿದ್ದ ಒಳ್ಳೆಯ ಅಭಿಪ್ರಾಯವೂ ಆ ಪುಡಿಯ ಜೊತೆಗೇ ನೆಲಕ್ಕೆ ಬಿತ್ತು, ಬೀಳಲಿ.

ಬಿಸಿಲು ಇಳಿಯುವ ಹೊತ್ತಿಗೆ ಫಲಕ ಬರೀ ಸಿಮೆಂಟಾಗಿತ್ತು. ಸುಧಾ ಬಂದು ಅಂಗೈ ಇಟ್ಟು ಸವರಿ ನೋಡಿದಳು. ಒಂದು ಮೂಲೆಯಲ್ಲಿ ಕಪ್ಪು ಚುಕ್ಕೆ ಉಳಿದಿತ್ತು. ಬೆರಳಿಟ್ಟು ತೋರಿಸಿದಳು. ಅದನ್ನೂ ತೆಗೆದೆ.

“ಪ್ರೈಮರ್ ತಂದಿದೀನಿ” ಎಂದೆ. “ಇವತ್ತು ಹಚ್ಚಿದ್ರೆ ನಾಳೆ ಬರೀಬಹುದು. ಈ ಸಲ ಎಣ್ಣೆಬಣ್ಣದಾಗೇ —”

“ಬ್ಯಾಡ” ಎಂದರು ದುರುಗಮ್ಮ. ಅವರು ಯಾವಾಗ ಬಂದು ಹಿಂದೆ ನಿಂತಿದ್ದರೋ ತಿಳಿಯಲಿಲ್ಲ. “ನೀವು ಕೆರೆದ್ರಲ್ಲ, ಸಾಕು. ಬರೆಯೋದು ನಾವು ಬರ್ಕಂತೀವಿ.”

ಸರಿಯಮ್ಮ ಎಂದೆ. ಪಟ್ಟಿ ಒರೆಸಿ ಪೆಟ್ಟಿಗೆಗೆ ಹಾಕಿದೆ. ಬಾಯಿ ಒಣಗಿತ್ತು, ಗಂಟಲೆಲ್ಲ ಬಣ್ಣದ ಪುಡಿ. ಹೊಂಗೆಮರದ ಕೆಳಗೆ ಎಲ್ಲರಿಗೂ ಚಹಾ ಬಂದಿತ್ತು, ಶುಂಠಿಯ ಘಮ ರಸ್ತೆಯವರೆಗೂ ಬರುತ್ತಿತ್ತು. ನನಗೆ ಯಾರೂ ತಂದುಕೊಡಲಿಲ್ಲ. ಕೊಡಿ ಎಂದು ಕೇಳುವ ಮುಖ ನನಗಿರಲಿಲ್ಲ.